ಬಿಸಿ ಅರಿಯದ ಕೈ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು ನನ್ನನ್ನು ಕಂಡಾಗ ಮೊದಲು ಕೇಳುವುದು ಒಂದೇ ಪ್ರಶ್ನೆ. ಅಷ್ಟು ವರ್ಷ ಕುಷ್ಠರೋಗಿಗಳನ್ನು ಮುಟ್ಟಿ ಮುಟ್ಟಿ ನೋಡಿದಿರಲ್ಲ, ನಿಮಗೆ ಅಂಟಲಿಲ್ಲವೇ ಎಂದು. ಅಂಟಲಿಲ್ಲ. ಹೆಚ್ಚಿನವರ ಮೈ ಆ ರೋಗವನ್ನು ತಾನೇ ತಡೆಯುತ್ತದೆ, ರೋಗಿಗೆ ಗುಳಿಗೆ ಶುರುವಾದ ಮೇಲಂತೂ ಭಯವೇ ಬೇಡ ಎಂದು ಹೇಳಿ ಕಳಿಸುತ್ತೇನೆ. ಅವರು ಸಮಾಧಾನದಿಂದ ಚಹಾ ಕುಡಿದು ಹೋಗುತ್ತಾರೆ. ಅವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮುಟ್ಟಿದ್ದು ತಿಳಿಯುತ್ತಿಲ್ಲ ಎಂಬುದು ಆ ಮನುಷ್ಯನಿಗೇ ಗೊತ್ತಿಲ್ಲದಾಗ ನಾವು ಅದನ್ನು ಹೇಗೆ ಕಂಡುಹಿಡಿಯಬೇಕು? ನನ್ನ ನೌಕರಿಯೆಲ್ಲ ಅದರಲ್ಲೇ ಕಳೆಯಿತು. ಅವರು ಕೇಳದಿದ್ದರೂ ಬರೆದಿಡುತ್ತಿದ್ದೇನೆ.

ನಾನು ಕುಷ್ಠರೋಗ ವಿಭಾಗದ ಕೆಳಹಂತದ ನೌಕರ. ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ನವಲಗುಂದ ಎಂದು ಎತ್ತಿ ಎತ್ತಿ ಹಾಕಿದರು. ಬಡ್ತಿಯ ಕಥೆ ಹೇಳುವಂಥದ್ದೇನೂ ಇಲ್ಲ. ಮನೆಮನೆಗೆ ಹೋಗುವುದು, ಅಂಗಿ ತೆಗೆಯಿರಿ ಎನ್ನುವುದು, ಮೈಮೇಲೆ ಬಣ್ಣಗೆಟ್ಟ ಮಚ್ಚೆ ಇದೆಯೇ ಎಂದು ನೋಡುವುದು, ಇದ್ದರೆ ಅದರ ಮೇಲೆ ಗರಿ ಆಡಿಸಿ ಸ್ಪರ್ಶ ಉಳಿದಿದೆಯೇ ಎಂದು ಪರೀಕ್ಷಿಸುವುದು. ಜನ ನನ್ನನ್ನು ‘ಮಚ್ಚಿ ಸಾಹೇಬ’ ಎನ್ನುತ್ತಿದ್ದರು. ಈ ಮಚ್ಚಿ ಸಾಹೇಬ ಒಂದು ಮನೆಯ ಬಾಗಿಲಲ್ಲಿ ಎರಡು ಸಲ ನಿಂತರೆ ಆ ಮನೆಯ ಹುಡುಗಿಗೆ ಗಂಡು ಸಿಗುವುದು ಕಷ್ಟವಾಗುತ್ತಿತ್ತು. ಅದಕ್ಕಾಗಿ ಒಬ್ಬ ರೋಗಿಯನ್ನು ನೋಡಬೇಕಾದಾಗ ಇಡೀ ಓಣಿಯ ಬಾಗಿಲು ಬಡಿಯುತ್ತಿದ್ದೆ. ಬಿಸಿಲಲ್ಲಿ ಸುಮ್ಮನೆ ತಿರುಗುವ ಕೆಲಸಗೇಡಿ ಎಂದು ಅಂದುಕೊಂಡವರೂ ಇದ್ದರು. ಅಂದುಕೊಳ್ಳಲಿ ಎಂದು ಬಿಟ್ಟೆ.

ನನಗೆ ಕೆಲಸ ಕಲಿಸಿದವರು ಮೇಲ್ವಿಚಾರಕರಾಗಿದ್ದ ಮುಲ್ಲಾ ಸಾಹೇಬರು. ಸಿಡುಕಿನ ಮನುಷ್ಯ. ಜೇಬಿನಲ್ಲಿ ಬಾಲ್‌ಪೆನ್ನಿನ ಜೊತೆ ಒಂದು ಕೋಳಿಗರಿ ಸದಾ ಇರುತ್ತಿತ್ತು. ಮೊದಲ ದಿನ ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ನನ್ನನ್ನೇ ಕೂಡಿಸಿ, ಕಣ್ಣು ಮುಚ್ಚಿಸಿ, ಗರಿ ತಾಗಿದಲ್ಲಿ ಬೆರಳಿಟ್ಟು ತೋರಿಸು ಎಂದರು. ಅಂಗೈ, ಬೆರಳು, ತುಟಿ ಎಲ್ಲ ಸರಿ ತೋರಿಸಿದೆ. ಬೆನ್ನಿಗೆ ಬಂದಾಗ ನನ್ನ ಬೆರಳು ಎಲ್ಲೋ ಹೋಯಿತು. ಅವರು ಒಂದು ಕಡೆ ಮುಟ್ಟಿದರೆ ನಾನು ಗೇಣು ದೂರ ತೋರಿಸುತ್ತಿದ್ದೆ. ಬೆರಳ ತುದಿಗೆ ಇರುವ ಶ್ಯಾಣ್ಯಾತನ ಬೆನ್ನಿಗೆ ಇರುವುದಿಲ್ಲ, ಒಂದೇ ತೊಗಲು ಎಂದು ತಿಳಿಯಬೇಡ ಎಂದರು. ಆಮೇಲೆ ಕಣ್ಣು ತೆರೆಸಿ ಮತ್ತೆ ಶುರು ಮಾಡಿದರು. ಗರಿ ನನ್ನ ಮೊಣಕೈ ಹತ್ತಿರ ಬಂತು, ತಾಗಿತು ಎಂದೆ. ಅವರು ನಗಲಿಲ್ಲ. ಗರಿ ನನ್ನ ಚರ್ಮದಿಂದ ಇನ್ನೂ ಒಂದು ಬೆರಳು ದೂರ ಇತ್ತು.

‘ಕಣ್ಣು ಚಾಡಿಕೋರ ಇದ್ದಂಗ. ಎಲ್ಲಾರಕಿಂತ ಮೊದಲ ಓಡಿ ಬಂದು ಸುದ್ದಿ ಹೇಳ್ತೈತಿ,’ ಎಂದರು ಮುಲ್ಲಾ ಸಾಹೇಬರು. ‘ತೊಗಲಿನ ಮಾತು ಕೇಳಬೇಕಂದ್ರ ಮೊದಲ ಕಣ್ಣು ಮುಚ್ಚಸು.’

ಇದನ್ನು ನಾನು ನೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೊಸಬರು ಅವಸರದಲ್ಲಿ ಕಣ್ಣು ಮುಚ್ಚಿಸುವುದಿಲ್ಲ. ಇನ್ನೊಂದು, ‘ತಾಗ್ತೈತೇನು?’ ಎಂದು ಬಾಯಿಬಿಟ್ಟು ಕೇಳುತ್ತಾರೆ. ನಮ್ಮ ಸೀಮೆಯ ಜನರ ಮರ್ಯಾದೆ ನಿಮಗೆ ಗೊತ್ತಿದೆ. ಕೈಯಲ್ಲಿ ಪೆನ್ನು ಹಿಡಿದ ಸರ್ಕಾರಿ ಮನುಷ್ಯ ಏನು ಕೇಳಿದರೂ ‘ಹೂಂರಿ’ ಎನ್ನುತ್ತಾರೆ. ಕುಂದಗೋಳ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜ ನಾನು ಗರಿ ಜೇಬಿನಿಂದ ತೆಗೆಯುವ ಮೊದಲೇ ‘ಹೂಂರಿ, ಅಗದಿ ಚೊಲೋ ತಾಗ್ತೈತ್ರಿ’ ಎಂದಿದ್ದ. ಅವನ ಎಡಗಾಲು ಹಿಮ್ಮಡಿಯ ತನಕ ಸತ್ತಿತ್ತು. ಬಾಯಿಂದ ಏನೂ ಕೇಳಬಾರದು. ಮುಟ್ಟಬೇಕು, ಕಾಯಬೇಕು, ಅವರ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಕೆಲವೊಮ್ಮೆ ಬೆರಳು ಗಾಳಿಯಲ್ಲೇ ನಿಲ್ಲುತ್ತದೆ. ಮುಟ್ಟೇ ಇಲ್ಲವಲ್ಲ, ಯಾವಾಗ ಮುಟ್ಟುತ್ತಾನೆ ಎಂದು ಆ ಮನುಷ್ಯ ಕಣ್ಣು ಮುಚ್ಚಿಕೊಂಡು ಕಾಯುತ್ತಿರುತ್ತಾನೆ. ನಾವು ಆಗಲೇ ಮುಟ್ಟಿ ಮುಗಿಸಿರುತ್ತೇವೆ. ಆ ಹೊತ್ತಿಗೆ ಅವನ ಮುಖ ನೋಡುವುದು ನನಗೆ ಕೊನೆಯ ತನಕ ರೂಢಿಯಾಗಲಿಲ್ಲ.

ಉಲ್ಟಾ ತಪ್ಪೂ ಆಗುತ್ತದೆ. ನನ್ನ ಜೊತೆಗಿದ್ದ ಒಬ್ಬ ಹುರುಪಿನ ಹುಡುಗ ಅಣ್ಣಿಗೇರಿ ಹತ್ತಿರದ ಒಂದು ಊರಲ್ಲಿ ಓಣಿಗೆ ಓಣಿಯನ್ನೇ ರೋಗಿಗಳು ಎಂದು ಬರೆದುಕೊಂಡು ಬಂದಿದ್ದ. ಅವನು ಗರಿ ಆಡಿಸಿದ್ದು ಎರೆ ಹೊಲದಲ್ಲಿ ಹುಟ್ಟಿನಿಂದ ಬರಿಗಾಲಲ್ಲಿ ತಿರುಗಿದವರ ಅಂಗಾಲಿಗೆ. ಆ ಅಂಗಾಲಿಗೆ ಗರಿ ಏನು, ಜಾಲಿಮುಳ್ಳು ಚುಚ್ಚಿದರೂ ಅರ್ಧ ದಿನ ಬಿಟ್ಟು ತಿಳಿಯುತ್ತದೆ. ಮುಲ್ಲಾ ಸಾಹೇಬರು ಅವನ ಬೂಟು ಬಿಚ್ಚಿಸಿ ಒಂದು ವಾರ ಬರಿಗಾಲಲ್ಲಿ ಸರ್ವೆ ಮಾಡಿಸಿದರು. ನಾವೆಲ್ಲ ನಕ್ಕೆವು. ಆದರೆ ದುಡಿದು ದಪ್ಪವಾದ ಚರ್ಮ ಯಾವುದು, ನರ ಸತ್ತು ಮೊಂಡಾದದ್ದು ಯಾವುದು ಎಂದು ಬಿಡಿಸಿ ಹೇಳುವುದು ಎಷ್ಟು ಕಷ್ಟ ಎಂಬುದು ಆಮೇಲೆ ಶಾಂತವ್ವನ ಪ್ರಕರಣದಲ್ಲಿ ನನಗೆ ಗೊತ್ತಾಯಿತು.

ಅದಕ್ಕಿಂತ ಮೊದಲು ಪದ್ಧತಿಗಳು ಬದಲಾದದ್ದನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ನಾನು ಸೇರಿದಾಗ ಕೋಳಿಗರಿ, ಆಮೇಲೆ ಪೆನ್ನಿನ ತುದಿ, ಆಮೇಲೆ ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ. ಮೊದಲು ಒಂದೇ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿಸುತ್ತಿದ್ದೆವು, ಆಮೇಲೆ ತಿಂಗಳಿಗೊಂದು ಪಾಕೀಟಿನಂತೆ ಮೂರು ಬಗೆಯ ಗುಳಿಗೆಗಳು ಬಂದವು. ರೋಗ ಕಡಿಮೆಯಾಯಿತು ಎಂದು ಮನೆಮನೆ ಸರ್ವೆ ನಿಲ್ಲಿಸಿ ನಮ್ಮನ್ನು ಜ್ವರ ಬಂದವರ ರಕ್ತ ತೆಗೆಯಲು ಹಚ್ಚಿದರು. ಕೆಲವು ವರ್ಷ ಬಿಟ್ಟು, ಇಲ್ಲ ಇಲ್ಲ, ಮತ್ತೆ ಮನೆಮನೆಗೆ ಹೋಗಿ ಎಂದರು. ಈಗ ಹುಡುಗಿಯರು ಮಚ್ಚೆಯ ಫೋಟೋ ಹೊಡೆದು ಮೊಬೈಲಿನಲ್ಲಿ ಕಳಿಸಿ, ಇದು ಅದೇನಾ ಸರ್ ಎಂದು ನನ್ನನ್ನು ಕೇಳುತ್ತಾರೆ. ಫೋಟೋದಲ್ಲಿ ಬಣ್ಣ ಬರುತ್ತದೆ. ಮುಟ್ಟಿದ್ದು ತಿಳಿಯಿತೋ ಇಲ್ಲವೋ ಎಂಬುದು ಬರುವುದಿಲ್ಲ. ಹೋಗಿ ಮುಟ್ಟಿ ನೋಡವಾ ತಂಗಿ ಎಂದು ಉತ್ತರ ಕಳಿಸುತ್ತೇನೆ. ಮುದುಕ ಕಿರಿಕಿರಿ ಎಂದುಕೊಳ್ಳುತ್ತಾರೆ, ನನಗೆ ಗೊತ್ತಿದೆ.

ಶಾಂತವ್ವ ಎಂಬುದು ಅವಳ ನಿಜವಾದ ಹೆಸರಲ್ಲ. ಊರು ಯಮನೂರಿನಿಂದ ಆಚೆಗೆ, ಅಷ್ಟು ಹೇಳಿದರೆ ಸಾಕು. ಗಂಡ ತೀರಿಹೋಗಿದ್ದ, ರೇಣುಕಾ ಎಂಬ ಒಬ್ಬಳೇ ಮಗಳು ಶಾಲೆಗೆ ಹೋಗುತ್ತಿದ್ದಳು. ಆ ಊರಿನ ಮಹಿಳಾ ಸಂಘದವರು ಗುಡಿಯ ಹಿಂದೆ ತಗಡಿನ ಶೆಡ್ ಹಾಕಿ ಖಡಕ್ ರೊಟ್ಟಿ ಮಾಡಿ ಹುಬ್ಬಳ್ಳಿಗೆ ಕಳಿಸುತ್ತಿದ್ದರು. ಸಾಲಾಗಿ ಒಲೆ, ಒಲೆಗೊಬ್ಬ ಹೆಂಗಸು, ಮೊದಲ ಒಲೆ ಶಾಂತವ್ವನದು. ಮದುವೆ ಮನೆಯವರೂ ಬಂದು ಅವಳನ್ನೇ ಕರೆಯುತ್ತಿದ್ದರು. ಅವಳಿಗೆ ಹೆಸರು ಬಂದದ್ದು ರೊಟ್ಟಿಯ ತೆಳುವಿನಿಂದ ಮಾತ್ರ ಅಲ್ಲ, ಕೈಯಿಂದ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಅವಳು ಬರಿ ಬೆರಳಲ್ಲಿ ತಿರುವಿ ಹಾಕುತ್ತಿದ್ದಳು, ಅಂಚು ಒತ್ತುತ್ತಿದ್ದಳು, ಒಲೆಯಿಂದ ಜಾರಿದ ಕೆಂಡವನ್ನು ಚಿಟಿಕೆಯಲ್ಲಿ ಹಿಡಿದು ಒಳಗೆ ಹಾಕುತ್ತಿದ್ದಳು. ಮುಖದ ಗೆರೆ ಅಲುಗುತ್ತಿರಲಿಲ್ಲ.

ನಮ್ಮ ಕಡೆ ಹೆಂಗಸಿನ ಯೋಗ್ಯತೆ ಅಳೆಯುವುದೇ ಹಂಚಿನ ಮುಂದೆ. ಹೊಸದಾಗಿ ಬಂದ ಸೊಸೆ ರೊಟ್ಟಿ ತಿರುವುವಾಗ ಕೈ ಝಾಡಿಸಿದರೆ, ತವರಿನಲ್ಲಿ ಏನೂ ಕಲಿಸಿಲ್ಲ ಎಂದು ಅತ್ತೆ ಗೊಣಗುತ್ತಾಳೆ. ವರ್ಷ ಹೋದಂತೆ ಎಲ್ಲರ ಬೆರಳೂ ಸ್ವಲ್ಪ ಮೊಂಡಾಗುತ್ತವೆ, ಸುಡುವುದು ಕಡಿಮೆಯಾಗುತ್ತದೆ. ಹೀಗಾಗಿ ಶಾಂತವ್ವನಿಗೆ ಸುಡುವುದು ಪೂರ್ತಿ ನಿಂತಾಗ ಅದನ್ನು ಅವಳೂ ಕಸುಬು ಕೈಗೆ ಹತ್ತಿತು ಎಂದುಕೊಂಡಳು, ಊರೂ ಹಾಗೇ ಅಂದುಕೊಂಡಿತು. ಬೇರೆ ಊರಿನಲ್ಲಿ, ಬೇರೆ ಅಡುಗೆ ಮಾಡುವ ಜನರಲ್ಲಿ ಇಷ್ಟು ಹೊತ್ತಿಗೆ ಯಾರಾದರೂ ಏನೋ ಕೆಟ್ಟಿದೆ ಎನ್ನುತ್ತಿದ್ದರು. ಇಲ್ಲಿ ಹೊಗಳಿದರು.

ನಾನು ಶೆಡ್ಡಿಗೆ ಹೋದದ್ದು ಸರ್ವೆಗೆಂದು, ಒಂದು ಮಧ್ಯಾಹ್ನ. ನಾದಿದ ಹಿಟ್ಟು ಮುಗಿಯುವ ತನಕ ಕೂಡ್ರಿ ಎಂದು ಬಾಗಿಲ ಬಳಿ ಒಂದು ಚೀಲ ಹಾಸಿದರು. ಮಾತು, ನಗು, ರೊಟ್ಟಿ ಬಡಿಯುವ ಸದ್ದು. ಎಲ್ಲರಿಗಿಂತ ಹೆಚ್ಚು ಮಾತು ಶಾಂತವ್ವನದೇ. ಯಾವುದೋ ಮದುವೆಯಲ್ಲಿ ಬೀಗರು ಮಾಡಿದ ಜಗಳವನ್ನು ದನಿ ಬದಲಿಸಿ ಬದಲಿಸಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ನಡುವೆ ಒಮ್ಮೆ ಮಾತು ನಿಲ್ಲಿಸಿ ಮೂಗು ಅರಳಿಸಿದಳು.

‘ಯಾರದರ ಸೀಯಾಕ ಹತ್ತೈತಿ ನೋಡ್ರೆವಾ,’ ಎಂದಳು, ಬಗ್ಗಿ ಬಾಜು ಒಲೆಗಳ ಹಂಚನ್ನು ನೋಡುತ್ತ.

ಆ ವಾಸನೆ ರೊಟ್ಟಿಯದಲ್ಲ. ನನಗೆ ಅದು ಗೊತ್ತಿದ್ದ ವಾಸನೆ. ಅವಳು ಬಗ್ಗಿದಾಗ ಆಸರೆಗೆ ಊರಿದ್ದ ಎಡಗೈಯ ಕಿರುಬೆರಳು ಅವಳದೇ ಹಂಚಿನ ಅಂಚಿನ ಮೇಲಿತ್ತು. ಎದ್ದು ಹೋಗಿ ಅವಳ ಮುಂಗೈ ಹಿಡಿದು ಎತ್ತಿದೆ. ಅವಳು ಬೆಚ್ಚಿದಳು, ಪರಗಂಡಸು ಎಲ್ಲರೆದುರು ಕೈ ಹಿಡಿದನಲ್ಲ ಎಂದು. ನನ್ನ ಕೈಯನ್ನು ನೋಡಿದಳೇ ಹೊರತು ತನ್ನ ಬೆರಳನ್ನು ನೋಡಲಿಲ್ಲ. ಬಾಜು ಒಲೆಯವಳು ನಕ್ಕು, ‘ಶಾಂತವ್ವಗ ಬೆಂಕಿ ಮುಟ್ಟಂಗಿಲ್ರಿ ಸಾಹೇಬ್ರ, ಆಕಿ ಕೈಯಾಗ ದೇವಿ ಅದಾಳ’ ಎಂದಳು. ಶಾಂತವ್ವ ನಾಚಿದಂತೆ ಮಾಡಿದಳು.

ಒಬ್ಬಳನ್ನೇ ಕರೆದರೆ ಕಥೆ ಮುಗಿದಂತೆ. ಅಲ್ಲಿದ್ದ ಎಲ್ಲರನ್ನೂ ಒಬ್ಬೊಬ್ಬರಾಗಿ ಅಡ್ಡ ಕಟ್ಟಿದ ಸೀರೆಯ ಮರೆಗೆ ಕರೆದು, ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗಿಟ್ಟುಕೊಂಡು ನೋಡಿದೆ. ಶಾಂತವ್ವನ ಕಣ್ಣು ಮುಚ್ಚಿಸಿ ಬಿಸಿನೀರು ತುಂಬಿದ ಗಾಜಿನ ನಳಿಕೆಯನ್ನೂ ತಣ್ಣೀರಿನದನ್ನೂ ಬೆರಳಿಗೆ ತಾಗಿಸಿದೆ. ಯಾವುದು ಯಾವುದೆಂದು ಅವಳ ಊಹೆ ತಪ್ಪುತ್ತಲೇ ಹೋಯಿತು. ಮೊಣಕೈ ಹಿಂದಿನ ನರ ಹಗ್ಗದಂತೆ ದಪ್ಪಗಿತ್ತು. ಬೆನ್ನು ನೋಡಿದ ಆಶಾ ನನ್ನನ್ನು ಹತ್ತಿರ ಕರೆದಳು. ಬೆನ್ನ ತುಂಬ ಮಚ್ಚೆಗಳಿದ್ದವು, ಹಳೆಯವು. ಒಬ್ಬಳ ಬೆನ್ನು ಅವಳಿಗೆ ಕಾಣುವುದಿಲ್ಲ. ನೋಡಿ ಹೇಳಬೇಕಾದ ಗಂಡ ಇರಲಿಲ್ಲ.

ಆಸ್ಪತ್ರೆಯಲ್ಲಿ ಆಗ ಇದ್ದವರು ಕಲಿತು ಹೊಸದಾಗಿ ಬಂದಿದ್ದ ಹೆಣ್ಣುಮಗಳು, ಎಲ್ಲರ ಬಾಯಲ್ಲಿ ಡಾಕ್ಟರ್ ಬಾಯಾರು. ಒಳ್ಳೆಯವರು, ರೋಗಿಯ ಭುಜ ಮುಟ್ಟಿ ಮಾತಾಡಿಸುತ್ತಿದ್ದರು. ಒಂದು ವರ್ಷ ತಪ್ಪದೆ ಗುಳಿಗೆ ತೆಗೆದುಕೊಂಡರೆ ಪೂರ್ತಿ ಗುಣವಾಗುತ್ತದೆ ಎಂದರು. ಅದು ಸುಳ್ಳಲ್ಲ. ಹೊರಗೆ ಬೇವಿನ ಮರದ ಕೆಳಗೆ ಶಾಂತವ್ವ ನನ್ನನ್ನು ಕೇಳಿಕೊಂಡದ್ದು ಒಂದೇ, ಇದು ಊರಿಗೂ ಮಗಳಿಗೂ ಗೊತ್ತಾಗಬಾರದು. ಗೊತ್ತಾದರೆ ಅವಳ ಕೈಯ ರೊಟ್ಟಿಯನ್ನು ಯಾರೂ ಮುಟ್ಟುವುದಿಲ್ಲ, ಮಗಳನ್ನು ಯಾರೂ ಕೇಳುವುದಿಲ್ಲ. ಆಯಿತು ಎಂದೆ. ಆ ಒಂದು ವರ್ಷ ಗುಳಿಗೆ ನಾನೇ ಒಯ್ದು ಕೊಟ್ಟೆ. ಮೊದಲ ದಿನ ಮೂತ್ರ ಕೆಂಪಾದೀತು, ಹೆದರಬೇಡ ಎಂದು ಮುಂಚೆಯೇ ಹೇಳಿದ್ದೆ. ನೀವೂ ಹೇಳಿ, ಮರೆಯಬೇಡಿ, ಅದಕ್ಕೇ ಹೆದರಿ ಗುಳಿಗೆ ಬಿಟ್ಟವರನ್ನು ನೋಡಿದ್ದೇನೆ. ಗುಳಿಗೆಯಿಂದ ಮೈ ಬಣ್ಣ ಕಪ್ಪಗಾಗುತ್ತ ಬಂದಾಗ ಬಿಸಿಲಿಗೆ ಹಾಗಾಯಿತು ಎಂದು ಅವಳು ಹೇಳಿಕೊಂಡು ತಿರುಗಿದಳು. ಒಂದು ತಿಂಗಳೂ ಗುಳಿಗೆ ತಪ್ಪಿಸಲಿಲ್ಲ.

ಕೊನೆಯ ಪಾಕೀಟು ಮುಗಿದ ದಿನ ಡಾಕ್ಟರ್ ಬಾಯಾರು ಪರೀಕ್ಷಿಸಿ, ರೋಗ ಹೋಯಿತು, ಇನ್ನು ಗುಳಿಗೆ ಬೇಡ ಎಂದು ಸಂತೋಷದಿಂದ ಹೇಳಿದರು. ಮೇಜಿನ ಮೇಲೆ ಆಗತಾನೇ ಬಂದ ಚಹಾದ ಕಿಟ್ಲಿ ಇತ್ತು, ಹಬೆ ಏಳುತ್ತಿತ್ತು. ಶಾಂತವ್ವ ಎದ್ದು ಹೋಗಿ ಅಂಗೈಯನ್ನು ಅಗಲಿಸಿ ಕಿಟ್ಲಿಯ ಮೇಲೆ ಇಟ್ಟಳು. ಇಟ್ಟು ಹಾಗೇ ನಿಂತಳು. ನಾನು ಹಾರಿ ಹೋಗಿ ಕೈ ಎಳೆದೆ.

‘ಗುಣ ಆದ ಮ್ಯಾಲೆ ಸುಡಬೇಕಲ್ರೀ?’ ಎಂದಳು.

ವರ್ಷವಿಡೀ ಅವಳು ಕಾದದ್ದು ಸುಡುವುದಕ್ಕೆ. ಡಾಕ್ಟರಿಗೂ ನನಗೂ ಅದು ಹೊಳೆದಿರಲಿಲ್ಲ. ರೋಗದ ಕ್ರಿಮಿ ಸತ್ತಿದೆ, ಆದರೆ ಅದು ತಿಂದುಹಾಕಿದ ನರ ಇಷ್ಟು ತಡವಾದ ಮೇಲೆ ಮತ್ತೆ ಚಿಗುರುವುದಿಲ್ಲ ಎಂದು ನಾನು ಹೇಳಿದೆ. ಮೊದಲೇ ಬಂದಿದ್ದರೆ ಬೇರೆ ಮಾತಿತ್ತು ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಬರಲು ಅವಳಿಗೆ ಕಾರಣವೇ ಇರಲಿಲ್ಲವಲ್ಲ. ನೋವಾದವರು ಬರುತ್ತಾರೆ. ಅವಳಿಗೆ ನೋವೇ ನಿಂತುಹೋಗಿತ್ತು.

‘ಹಂಗಂದ್ರ ಗುಣ ಆತಂತ ಯಾಕ ಅಂದ್ರಿ?’ ಎಂದು ಡಾಕ್ಟರ್ ಬಾಯಾರನ್ನು ಕೇಳಿದಳು. ಅವಳ ದನಿಯಲ್ಲಿ ಜಗಳ ಇರಲಿಲ್ಲ, ತಿಳಿದುಕೊಳ್ಳಲು ಕೇಳಿದಂತಿತ್ತು. ಬಾಯಾರು ಪೆನ್ನಿನ ಟೋಪಿ ತೆಗೆಯುತ್ತ ಹಾಕುತ್ತ ಕುಳಿತರು. ಅಂಗೈಗೆ ಪಟ್ಟಿ ಕಟ್ಟಿ ಕಳಿಸಿದೆವು. ಅಂದಿನಿಂದ ನಾನು ಯಾರಿಗೂ ಬರೀ ‘ಗುಣ ಆಗ್ತೈತಿ’ ಎಂದು ಹೇಳಿ ಬಿಟ್ಟಿಲ್ಲ. ಏನು ಹೋಗುತ್ತದೆ, ಏನು ಬರುವುದಿಲ್ಲ, ಎರಡನ್ನೂ ಮೊದಲ ದಿನವೇ ಹೇಳುತ್ತಿದ್ದೆ. ಕೇಳಿದವರು ಅಳುತ್ತಿದ್ದರು. ಅತ್ತರೂ ಹೇಳಬೇಕು.

ಆಮೇಲೆ ಉಳಿದದ್ದು ಅವಳ ಬೆರಳು ಉಳಿಸುವ ಕೆಲಸ. ಒಂದು ಉದ್ದನೆಯ ಇಕ್ಕಳ, ದಪ್ಪ ಬಟ್ಟೆಯ ಕೈಗವಸು ಕೊಟ್ಟೆ. ಅವಳು ಇಕ್ಕಳ ಹಿಡಿದು ರೊಟ್ಟಿ ತಿರುವಿದ ದಿನ ಶೆಡ್ಡಿನಲ್ಲಿ ಎಲ್ಲರ ಕೈ ನಿಂತಿತಂತೆ. ದೇವಿ ಬಿಟ್ಟು ಹೋದಳೇ ಎಂದು ಮೊದಲು ಚೇಷ್ಟೆ ಮಾಡಿದರು. ಎರಡು ದಿನ ಬಿಟ್ಟು ಒಬ್ಬಳು, ಮೈ ಕರ್ರಗಾಗಿದೆ, ಮಚ್ಚಿ ಸಾಹೇಬ ಬಂದು ಹೋಗುತ್ತಾನೆ, ಈಗ ನೋಡಿದರೆ ಇಕ್ಕಳ ಎಂದು ಒಂದೊಂದನ್ನೇ ಕೂಡಿಸುತ್ತ ಬಂದಳು. ಶಾಂತವ್ವ ಆ ಸಂಜೆಯೇ ಇಕ್ಕಳವನ್ನು ಮನೆಯ ಅಟ್ಟಕ್ಕೆ ಎಸೆದಳು. ಮರುದಿನ ಎಲ್ಲರೂ ನೋಡುವಂತೆ ಬರಿಗೈಯಲ್ಲಿ ಕೆಂಡ ಎತ್ತಿದಳು. ಮಾತು ಅಲ್ಲಿಗೆ ನಿಂತಿತು, ಬೆರಳಿನಲ್ಲಿ ಬೊಬ್ಬೆ ಎದ್ದಿತು. ನಾನು ಸಿಟ್ಟಿಗೆದ್ದು ಬೈದೆ. ಇಕ್ಕಳ ಹಿಡಿದರೆ ಒಲೆ ಹೋಗುತ್ತದೆ, ಬರಿಗೈಯಾದರೆ ಬೆರಳು ಹೋಗುತ್ತದೆ, ಒಲೆ ಹೋದ ಮೇಲೆ ಬೆರಳು ಇಟ್ಟುಕೊಂಡು ಏನು ಮಾಡಲಿ ಎಂದು ಅವಳು ಕೇಳಿದಳು.

ಕೊನೆಗೆ ಕಣ್ಣನ್ನು ಕೈಗೆ ಕಾವಲು ಹಾಕುವುದನ್ನು ಕಲಿಸಿದೆ. ರೊಟ್ಟಿ ತಿರುವುವಾಗ ಪ್ರತಿ ಸಲ ಐದೂ ಬೆರಳು ಎಲ್ಲಿವೆ ಎಂದು ನೋಡಬೇಕು, ಕೈ ಹಂಚಿನ ಮೇಲೆ ನಿಲ್ಲಬಾರದು, ಸಂಜೆ ನೀರಲ್ಲಿ ನೆನೆಸಿ ಎಣ್ಣೆ ಸವರಿ ಗಾಯ ಹುಡುಕಬೇಕು. ಅವಳು ಅದನ್ನು ವ್ರತದಂತೆ ಮಾಡಿದಳು. ಆದರೆ ಕಣ್ಣು ಕೈಯ ಮೇಲಿಟ್ಟವಳು ಬಾಯಿ ಬಿಡುವುದು ಹೇಗೆ? ಮಾತಾಡಿದರೆ ಕಣ್ಣು ಎದುರಿನವರ ಮುಖಕ್ಕೆ ಹೋಗುತ್ತದೆ. ಹಾಗಾಗಿ ಮಾತು ಬಿಟ್ಟಳು. ಶೆಡ್ಡನ್ನೆಲ್ಲ ನಗಿಸುತ್ತಿದ್ದ ಹೆಂಗಸು ತಲೆ ಬಗ್ಗಿಸಿ ಮೂಕಿಯ ಹಾಗೆ ರೊಟ್ಟಿ ಬಡಿಯತೊಡಗಿದಳು. ಸೊಕ್ಕು ಬಂದಿದೆ ಎಂದು ಉಳಿದವರು ಆಡಿಕೊಂಡರು. ಕಿರುಬೆರಳೂ ಅದರ ಪಕ್ಕದ್ದೂ ಒಳಕ್ಕೆ ಮಡಚಿಕೊಂಡವು. ವಾತ ಎಂದು ಎಲ್ಲರಿಗೂ ಹೇಳಿದಳು. ಉಳಿದ ಬೆರಳುಗಳು ಉಳಿದವು. ನಮ್ಮ ಇಲಾಖೆಯ ಲೆಕ್ಕದಲ್ಲಿ ಇದು ಗೆದ್ದ ಪ್ರಕರಣ.

ನಾನು ನಿವೃತ್ತನಾದೆ. ರೇಣುಕಾಳನ್ನು ಕಲಘಟಗಿ ಕಡೆ ಕೊಟ್ಟರು, ಮದುವೆಗೆ ಹೋಗಿ ಉಂಡು ಬಂದೆ. ಈಗ್ಗೆ ಕೆಲವು ತಿಂಗಳ ಹಿಂದೆ ಶಾಂತವ್ವ ಫೋನ್ ಮಾಡಿದಳು. ಮಗಳು ಹೆರಿಗೆಗೆ ಬಂದಿದ್ದಾಳೆ, ಹೆಣ್ಣು ಕೂಸು ಹುಟ್ಟಿದೆ, ಒಮ್ಮೆ ಬಂದು ಹೋಗಿ, ಬರುವಾಗ ನಿಮ್ಮ ಪರೀಕ್ಷೆಯ ಸಾಮಾನು ತನ್ನಿ ಎಂದಳು. ಯಾಕೆ ಎಂದರೆ ಹೇಳಲಿಲ್ಲ.

ಹೋದಾಗ ರೇಣುಕಾ ಮಂಚದ ಮೇಲೆ ಕೂಸನ್ನು ಹಾಕಿಕೊಂಡು ಕುಳಿತಿದ್ದಳು. ಚಿಕ್ಕಂದಿನಿಂದ ನನ್ನನ್ನು ಕಾಕಾ ಎನ್ನುವ ಹುಡುಗಿ, ನನ್ನನ್ನು ನೋಡಿದೊಡನೆ ಅತ್ತಳು. ತವರಿನಲ್ಲಿ ಕೂಸಿಗೆ ಎರೆಯುವವಳು ಅಜ್ಜಿ. ಕಾಲು ಚಾಚಿ ಕುಳಿತು, ಕೂಸನ್ನು ಕಾಲಮೇಲೆ ಹಾಕಿಕೊಂಡು, ಬಿಸಿನೀರನ್ನು ಅಂಗೈಯಲ್ಲಿ ನೋಡಿ ನೋಡಿ ಹಾಕುವುದು ಅವಳ ಹಕ್ಕು. ಇಲ್ಲಿ ನೆರೆಮನೆಯವಳನ್ನು ಕರೆದು ಎರೆಸುತ್ತಿದ್ದರು.

‘ಹೆಣ್ಣು ಹುಟ್ಟೇತಂತ ಅವ್ವ ಎತ್ತಿಕೊಳ್ಳಾಕೂ ಒಲ್ಲಂತಾಳ ಕಾಕಾ,’ ಎಂದಳು. ‘ನಾನೂ ಹೆಣ್ಣ ಅಲ್ಲೇನು?’

ಶಾಂತವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನನ್ನನ್ನು ಹಿತ್ತಿಲಿಗೆ ಕರೆದಳು. ತೋಳು ಮುಂದೆ ಚಾಚಿ, ಇದರಲ್ಲಿ ಇನ್ನೂ ಜೀವ ಎಲ್ಲಿದೆ ಹುಡುಕಿಕೊಡಿ, ಅಲ್ಲಿಂದ ನೀರು ನೋಡಿ ಎರೆಯುತ್ತೇನೆ ಎಂದಳು. ಕಣ್ಣು ಮುಚ್ಚಿಸಿ ಬೆರಳಿನಿಂದ ಮೇಲಕ್ಕೆ ಬಂದೆ. ಅಂಗೈ ಇಲ್ಲ, ಮುಂಗೈ ಇಲ್ಲ. ಮೊಣಕೈ ಹತ್ತಿರ ಒಳಬದಿಗೆ ಬಂದಾಗ ಅವಳ ಬೆರಳು ಸರಿಯಾದ ಜಾಗಕ್ಕೆ ಬಂತು. ಇಲ್ಲಿಂದ ಮೇಲೆ ತಿಳಿಯುತ್ತದೆ, ಮೊಣಕೈ ಅದ್ದಿ ನೋಡಿ ಎರೆಯಬಹುದು ಎಂದೆ. ನನಗೆ ಹಿಗ್ಗಾಗಿತ್ತು. ಅವಳು ಕಣ್ಣು ತೆರೆದು ಆ ಜಾಗವನ್ನು ನೋಡಿದಳು.

‘ಇಷ್ಟ ವರ್ಷ ಕೈ ನನಗ ಸುಳ್ಳ ಹೇಳೇತ್ರಿ,’ ಎಂದಳು. ‘ಮೊಣಕೈ ಖರೆ ಹೇಳ್ತೈತಂತ ಹೆಂಗ ನಂಬಲಿ? ನನ್ನ ಬೆರಳು ಸುಟ್ರ ಸುಡಲಿ. ಅದು ಕೂಸು.’

ಹಾಗಾದರೆ ಮಗಳಿಗೆ ಹೇಳಬೇಕು ಎಂದೆ. ನೀವೇ ಹೇಳಿ ಎಂದಳು. ನಾನು ಒಪ್ಪಲಿಲ್ಲ, ಜೊತೆಗೆ ನಿಲ್ಲುತ್ತೇನೆ ಎಂದೆ. ಒಳಗೆ ಹೋಗಿ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ತನ್ನ ಕೈಗೆ ಬಿಸಿ ತಿಳಿಯುವುದಿಲ್ಲ, ರೇಣುಕಾ ಶಾಲೆಗೆ ಹೋಗುವಾಗಿನಿಂದಲೇ, ಆಗಿದ್ದದ್ದು ಆ ದೊಡ್ಡ ರೋಗ, ಈಗ ಇಲ್ಲ. ‘ದೊಡ್ಡ ರೋಗ’ ಎಂಬ ಮಾತು ಕೇಳಿದ ಕ್ಷಣ ರೇಣುಕಾಳ ಕೈ ತಾನಾಗಿಯೇ ಕೂಸನ್ನು ತನ್ನ ಕಡೆ ಎಳೆದುಕೊಂಡಿತು. ಅವಳು ಬೇಕೆಂದು ಮಾಡಿದ್ದಲ್ಲ. ಆದರೆ ಶಾಂತವ್ವ ಅದನ್ನು ನೋಡಿದಳು. ಕಣ್ಣಿಗೆ ಏನೂ ತಪ್ಪದ ಹೆಂಗಸು ಅವಳು. ಅಷ್ಟು ವರ್ಷ ಅದನ್ನೇ ಕಲಿತದ್ದು.

ಇನ್ನು ಅಂಟುವುದಿಲ್ಲ, ಎಂದೋ ಹೋಗಿದೆ ಎಂದು ನಾನು ಹೇಳುತ್ತಲೇ ಹೋದೆ. ರೇಣುಕಾ ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು. ತಾಯಿಯ ಮಡಚಿದ ಬೆರಳನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಹಂಡೆಯ ನೀರನ್ನು ಬಕೆಟ್ಟಿಗೆ ಬಗ್ಗಿಸಿ, ತಣ್ಣೀರು ಬೆರೆಸಿ, ತಾನೇ ಕೈ ಅದ್ದಿ ನೋಡಿದಳು.

‘ನೀರು ನಾ ನೋಡ್ತೀನಿ. ಎರಿಯಾಕಿ ನೀನ. ಬಾ ಬೇ,’ ಎಂದಳು.

ಶಾಂತವ್ವ ಮಣೆಯ ಮೇಲೆ ಕುಳಿತು ಕಾಲು ಚಾಚಿದಳು. ಕೂಸು ಅವಳ ಕಾಲಮೇಲೆ ಬಂತು. ರೇಣುಕಾ ಪ್ರತಿ ತಂಬಿಗೆಗೂ ನೀರು ಮುಟ್ಟಿ ನೋಡಿ ಕೊಟ್ಟಳು, ಅವಳು ಹಾಕಿದಳು. ಹಾಕುವಾಗ ಕೂಸಿನ ಮುಖ ನೋಡಲಿಲ್ಲ, ತನ್ನ ಬೆರಳುಗಳನ್ನೇ ನೋಡುತ್ತಿದ್ದಳು, ಎಲ್ಲಿ ಜೋರಾಗಿ ಒತ್ತಿಬಿಡುತ್ತೇನೋ ಎಂದು. ಕೂಸು ಅತ್ತು, ಅತ್ತು ಸುಮ್ಮನಾಯಿತು.

ಒರೆಸಿ, ಬಟ್ಟೆ ಸುತ್ತುವ ಮೊದಲು ರೇಣುಕಾ ಕೂಸನ್ನು ಅಜ್ಜಿಯ ಎದೆಗೆ ಒರಗಿಸಿ ಸಾಂಬ್ರಾಣಿ ಹೊಗೆಗೆ ಕೆಂಡ ತರಲು ಒಳಗೆ ಹೋದಳು. ನಾನು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ. ಶಾಂತವ್ವ ಕೂಸಿನ ಬರಿ ಬೆನ್ನಿನ ಮೇಲೆ ಅಂಗೈ ಇಟ್ಟಿದ್ದಳು. ಇಟ್ಟ ಕೈಯನ್ನೇ ನೋಡುತ್ತಿದ್ದಳು.

‘ಸಾಹೇಬ್ರ, ನೀವು ಇಲ್ಲೊಂದೀಟು ಕೈ ಇಡ್ರಿ,’ ಎಂದಳು.

ಇಟ್ಟೆ.

‘ಹೆಂಗೈತ್ರಿ?’

‘ಬೆಚ್ಚಗೈತಿ ಶಾಂತವ್ವ. ಮೆತ್ತಗೈತಿ.’

‘ಅದು ಗೊತ್ತೈತ್ರಿ. ರೇಣುಕಾನ್ನ ಈ ಕೈಲೇ ಎತ್ತಿ ಆಡ್ಸೀನಿ, ಆಗ ಎಲ್ಲಾ ತಿಳೀತಿತ್ತು,’ ಎಂದಳು. ‘ಈ ಕೂಸಿನ ಮೈ ಹೆಂಗೈತಿ, ಅದನ್ನ ಹೇಳ್ರಿ.’

ಕೈ ತೆಗೆಯದೆ ಹಾಗೇ ನಿಂತೆ. ಶಾಂತವ್ವ ನನ್ನ ಮುಖ ನೋಡುತ್ತ ಕಾಯುತ್ತಿದ್ದಳು.